ಮುದ್ದಣ ಹೆಸರು ಮುಚ್ಚಿಟ್ಟದ್ದು ಅಂಜಿಕೆಯಿಂದಲೋ, ಲೆಕ್ಕಾಚಾರದಿಂದಲೋ?

ಹಳೆಹೊತ್ತಿಗೆ:
ಎಲ್ಲರಿಗೂ ನಮಸ್ಕಾರ. ಮುದ್ದಣನ ರಾಮಾಶ್ವಮೇಧವನ್ನು ಮತ್ತೆ ಓದಲು ಕೂತಿದ್ದೇನೆ. ಈ ಸಲ ಪೂರ್ತಿ ಓದುವ ಹಟ. ಶಾಲೆಯಲ್ಲಿ ಓದಿದ್ದು ಅದರಲ್ಲಿ ಮುದ್ದಣನೂ ಹೆಂಡತಿ ಮನೋರಮೆಯೂ ಮಾತಾಡಿಕೊಳ್ಳುವ ಸಲ್ಲಾಪದ ತುಣುಕು ಮಾತ್ರ. ಓದುತ್ತಾ ಓದುತ್ತಾ ಒಂದು ಹಳೆಯ ಅನುಮಾನ ಮತ್ತೆ ತಲೆ ಎತ್ತಿತು.

ಮುದ್ದಣ ಅಂದರೆ ನಂದಳಿಕೆ ಲಕ್ಷ್ಮೀನಾರಣಪ್ಪ. 1870ರಲ್ಲಿ ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ ಹುಟ್ಟಿದ, ಉಡುಪಿ ಕುಂದಾಪುರದ ಕಡೆ ಶಾಲೆಗಳಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ, 1901ರ ಫೆಬ್ರವರಿಯಲ್ಲಿ ಕ್ಷಯದಿಂದ ತೀರಿಕೊಂಡ. ವಯಸ್ಸು 31. ಇಷ್ಟರೊಳಗೆ ಅದ್ಭುತ ರಾಮಾಯಣ, ಶ್ರೀರಾಮ ಪಟ್ಟಾಭಿಷೇಕ, ರಾಮಾಶ್ವಮೇಧ ಮೂರನ್ನೂ ಬರೆದ. ಬರೆದದ್ದನ್ನು 'ನಾನು ಬರೆದೆ' ಅಂತ ಹೇಳದೆ, ಯಾವುದೋ ಹಳೆಯ ಕವಿಯ ಪ್ರತಿ ಸಿಕ್ಕಿತು ಅನ್ನುವ ಹಾಗೆ ಮೈಸೂರಿಗೆ ಕಳಿಸಿದ. ಅಲ್ಲಿ ಕಾವ್ಯಮಂಜರಿ, ಕಾವ್ಯಕಲಾನಿಧಿ ಮಾಲಿಕೆಗಳಲ್ಲಿ ಅಚ್ಚಾಯಿತು. ಇವನೇ ಕವಿ ಅಂತ ನಾಡಿಗೆ ತಿಳಿದದ್ದು ಅವನು ಹೋದ ಮೇಲೆ.

ನಮಗೆ ಮೇಷ್ಟ್ರು ಹೇಳಿಕೊಟ್ಟದ್ದು 'ಸಂಕೋಚದ ಸ್ವಭಾವ, ವಿದ್ವಾಂಸರು ನಗುತ್ತಾರೆ ಅಂತ ಹೆದರಿದ' ಎಂದು. ನನಗೆ ನಂಬಿಕೆ ಬರುತ್ತಿಲ್ಲ. ಒಂದು ಸಲ ಹೆದರಿದ ಅನ್ನಿ. ಮೊದಲನೆಯದು ಅಚ್ಚಾಗಿ, ಮೆಚ್ಚುಗೆಯೂ ಸಿಕ್ಕ ಮೇಲೆ ಎರಡನೆಯದಕ್ಕೂ ಮೂರನೆಯದಕ್ಕೂ ಅದೇ ಮುಸುಕು ಯಾಕೆ? ಗೊತ್ತಿದ್ದವರು ಹೇಳಿ.

ಬೆಳ್ಮಣ್ ಮಾಣಿ:
ನಮ್ಮ ಊರಿನ ಕವಿ ಮಾರಾಯ್ರೆ!! ಇಲ್ಲಿ ಅವನ ಸುದ್ದಿ ಕಂಡು ಖುಷಿ ಆಯ್ತು. ನಂದಳಿಕೆ ನಮ್ಮಿಂದ ಕೂಗಿದರೆ ಕೇಳುವಷ್ಟು ದೂರ.

ಓಲೆಗರಿ:
ಹಳೆಹೊತ್ತಿಗೆಯವರೇ, ಒಳ್ಳೆಯ ಪ್ರಶ್ನೆ. ಕವಿಯ ಸ್ವಭಾವ ಬಿಟ್ಟು ಆ ಕಾಲದ ಅಚ್ಚುಮನೆಗಳ ಕಡೆ ನೋಡಿ, ಉತ್ತರ ಅಲ್ಲಿದೆ.

ಹತ್ತೊಂಬತ್ತನೇ ಶತಮಾನದ ಕೊನೆಯ ಮೂವತ್ತು ವರ್ಷ ಹಳಗನ್ನಡ ಮತ್ತೆ ಬೆಳಕಿಗೆ ಬಂದ ಕಾಲ. 1872ರಲ್ಲಿ ಕಿಟ್ಟೆಲ್ ಶಬ್ದಮಣಿದರ್ಪಣವನ್ನು ಅಚ್ಚು ಹಾಕಿಸಿದರು. 1882ರಲ್ಲಿ ರೈಸ್ ಸಾಹೇಬರಿಂದ ಪಂಪರಾಮಾಯಣ ಬಂತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಕಿಟ್ಟೆಲ್ ನಿಘಂಟು. 1898ರಲ್ಲಿ ಪಂಪಭಾರತ, ಅದೇ ವರ್ಷ ಪಾಠಕರ ಸಂಪಾದನೆಯಲ್ಲಿ ಕವಿರಾಜಮಾರ್ಗ. ಅಂದರೆ ಮುದ್ದಣ ಬರೆಯುತ್ತಿದ್ದ ಹೊತ್ತಿಗೆ ಆದಿಕವಿಯ ಭಾರತವೇ ಆಗಷ್ಟೇ ಅಚ್ಚಿಗೆ ಬರುತ್ತಿದೆ! ಇನ್ನೂ ಏನೇನು ಓಲೆಗರಿ ಯಾರ ಅಟ್ಟದ ಮೇಲೆ ಇದೆಯೋ ಅನ್ನುವ ಕುತೂಹಲ ವಿದ್ವಾಂಸರಿಗೆಲ್ಲ.

ಮೈಸೂರಿನಲ್ಲಿ ಎಂ.ಎ. ರಾಮಾನುಜಯ್ಯಂಗಾರ್ಯರು, ಎಸ್.ಜಿ. ನರಸಿಂಹಾಚಾರ್ಯರು ಮಾಲಿಕೆ ನಡೆಸಿದ್ದೇ ಹಳೆಯ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕಲು. ಅಂಥ ಕಡೆ 'ನಾನು ಇಪ್ಪತ್ತೈದರ ಹುಡುಗ, ಡ್ರಿಲ್ ಮೇಷ್ಟ್ರು, ನಿನ್ನೆ ಬರೆದೆ' ಅಂತ ಕಳಿಸಿದರೆ ಜಾಗ ಎಲ್ಲಿ ಸಿಗುತ್ತದೆ? ಹೊಸ ಕವಿಗೆ ಬಾಗಿಲು ಇರಲಿಲ್ಲ, ಹಳೆಯ ಕವಿಗೆ ಹೆಬ್ಬಾಗಿಲು ತೆರೆದಿತ್ತು. ಅವನು ತೆರೆದ ಬಾಗಿಲಲ್ಲಿ ನುಗ್ಗಿದ. ಎರಡನೆಯ ಸಲವೂ ಮೂರನೆಯ ಸಲವೂ ಅದೇ ಬಾಗಿಲು ಬಡಿಯಬೇಕಿತ್ತು, ಆದ್ದರಿಂದ ಅದೇ ವೇಷ.

ಇನ್ನೊಂದು ಸಂಗತಿ ನೆನಪಿರಲಿ. ಉಡುಪಿ ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಮೈಸೂರು ಬೇರೆಯೇ ಸಂಸ್ಥಾನ. ಘಟ್ಟದ ಆಚೆಯಿಂದ ಅಂಚೆಯಲ್ಲಿ ಬಂದ ಪ್ರತಿಯ ಮೂಲ ಹುಡುಕಿಕೊಂಡು ಯಾರೂ ಘಟ್ಟ ಇಳಿದು ಬರುತ್ತಿರಲಿಲ್ಲ.

ಕಟುವಿಮರ್ಶಕ:
ಸರಿ, ನೇರವಾಗಿ ಕೇಳ್ತೀನಿ. ಇದನ್ನೇ ಇವತ್ತು ಯಾರಾದರೂ ಮಾಡಿದ್ರೆ ನಾವು ಏನಂತೀವಿ? ಫೇಕ್ ಅಂತೀವಿ. ತಾನು ಬರೆದದ್ದನ್ನ ಹಳೇದು ಅಂತ ಸಂಪಾದಕರಿಗೆ ನಂಬಿಸಿದ. ಅದಕ್ಕೆ 'ಸಂಕೋಚ', 'ವಿನಯ' ಅಂತ ಹೂವು ಮುಡಿಸೋದು ಯಾಕೆ? ಕವಿ ದೊಡ್ಡವನು, ಒಪ್ಪಿದೆ. ಮಾಡಿದ್ದು ಮೋಸಾನೇ.

ಸಂಪಿಗೆ ಮರ:
ಫೇಕ್ ಅಂತೆ! ಯಾರ ಜೇಬಿಗೆ ಕೈ ಹಾಕಿದ ಅವನು? ಒಂದು ಕಾಸೂ ಸಿಕ್ಕಿರಲಿಕ್ಕಿಲ್ಲ ಅವನಿಗೆ.

ಕಟುವಿಮರ್ಶಕ:
ಕಾಸಿನ ಮಾತಲ್ಲ. ಸಾಹಿತ್ಯ ಚರಿತ್ರೆ ಬರೆಯೋರ ದಾರಿ ತಪ್ಪಿಸಿದ ಹಾಗಾಗಲ್ವಾ? ಕಾಲ ನಿರ್ಣಯ ಮಾಡೋನು ಇದನ್ನ ಹದಿನೇಳನೇ ಶತಮಾನಕ್ಕೆ ಹಾಕಿ ಕೂತಿದ್ರೆ?

ಪಡುವಲಕಾಯಿ:
ಇಂಗ್ಲೆಂಡಿನಲ್ಲೂ ಇಂಥದ್ದೊಂದು ಕಥೆ ಉಂಟು. ಥಾಮಸ್ ಚ್ಯಾಟರ್ಟನ್ ಅನ್ನುವ ಹುಡುಗ, ಹದಿನೈದನೇ ಶತಮಾನದ ರೌಲಿ ಎಂಬ ಪಾದ್ರಿ ಬರೆದದ್ದು ಅಂತ ಹೇಳಿ ತಾನೇ ಪದ್ಯ ಕಟ್ಟಿದ. ಸತ್ತದ್ದು 1770ರಲ್ಲಿ, ಹದಿನೇಳು ವರ್ಷಕ್ಕೆ. ನಮ್ಮ ಮುದ್ದಣ ಹುಟ್ಟಿದ್ದು ಸರಿಯಾಗಿ ನೂರು ವರ್ಷದ ಮೇಲೆ. ಸುಮ್ಮನೆ ಹೇಳಿದೆ.

ಮನೋರಮೆಯ ತಂಗಿ:
ಚ್ಯಾಟರ್ಟನ್ ಜೊತೆ ಹೋಲಿಸುವ ಮೊದಲು ಒಂದು ದೊಡ್ಡ ವ್ಯತ್ಯಾಸ ನೋಡಿ. ಚ್ಯಾಟರ್ಟನ್ ಇಲ್ಲದ ಒಬ್ಬ ಪಾದ್ರಿಯನ್ನು ಹುಟ್ಟಿಸಿದ. ಮುದ್ದಣ ತನ್ನನ್ನೇ ಕಾವ್ಯದೊಳಗೆ ತಂದು ಕೂರಿಸಿದ! ಮನೆಯವರು ಮುದ್ದಿನಿಂದ ಕರೆಯುತ್ತಿದ್ದ ಹೆಸರು ಅದು. ಅದನ್ನೇ ಕಥೆ ಹೇಳುವವನಿಗೆ ಇಟ್ಟ. ಪುಟ ಪುಟಕ್ಕೂ 'ಮುದ್ದಣ', 'ಮುದ್ದಣ'. ಇದು ಹೆಸರು ಮುಚ್ಚಿಡುವವನ ಕೆಲಸವಾ? ಮೈಸೂರಿನವರಿಗೆ ಮಾತ್ರ ಗೊತ್ತಾಗಬಾರದು, ನಂದಳಿಕೆಯಲ್ಲಿ ಅವನನ್ನು ಬಲ್ಲವರು ಯಾರು ಓದಿದರೂ ನಗಬೇಕು. ನನಗಂತೂ ಅವನು ಒಳಗೊಳಗೇ ನಗುತ್ತಾ ಕೂತವನ ಹಾಗೆ ಕಾಣುತ್ತಾನೆ. ಹೆದರಿದವನ ಬರವಣಿಗೆಯಲ್ಲಿ ಅಷ್ಟು ತಮಾಷೆ ಬರುವುದಿಲ್ಲ.

ಇನ್ನೊಂದು ತಮಾಷೆ. ಪುಸ್ತಕದೊಳಗಿನ ಮುದ್ದಣ ಅರಮನೆಯಿಂದ ಮನೆಗೆ ಬರುವ ಕವಿ. ಹೊರಗಿನ ಮುದ್ದಣ ಶಾಲೆಯ ಅಂಗಳದಲ್ಲಿ ಹುಡುಗರಿಗೆ ಕೈಕಾಲು ಆಡಿಸುವುದು ಹೇಳಿಕೊಡುವವ. ಸೀಟಿ ಕೆಳಗಿಟ್ಟು ರಾತ್ರಿ ತನ್ನನ್ನೇ ಆಸ್ಥಾನಕವಿ ಮಾಡಿಕೊಂಡದ್ದು ನನಗೆ ತುಂಬ ಇಷ್ಟ.

ಹಳೆಹೊತ್ತಿಗೆ:
ಮನೋರಮೆಯ ತಂಗಿಯವರೇ, ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಓಲೆಗರಿಯವರ 'ಬಾಗಿಲು' ಮತ್ತು ನಿಮ್ಮ 'ತಮಾಷೆ' ಎರಡನ್ನೂ ಕೂಡಿಸಿ ಓದಬೇಕು.

ನಿವೃತ್ತ ಪಿಟಿ ಮೇಷ್ಟ್ರು:
ನಾನೂ ಅದೇ ಜಾತಿಯವ, ದೈಹಿಕ ಶಿಕ್ಷಕ. ಸ್ಟಾಫ್ ರೂಮಿನಲ್ಲಿ ನಮ್ಮ ಸ್ಥಾನ ಎಂಥದ್ದು ಅಂತ ನಿಮಗೆ ಗೊತ್ತಿಲ್ಲ. ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ರಾಜ್ಯೋತ್ಸವಕ್ಕೆ ಭಾಷಣ ಮಾಡ್ತೇನೆ ಅಂದೆ. 'ನೀವು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಸಾಕು' ಅಂದರು. ನಾನು ಹಠ ಹಿಡಿದು ಮಾತಾಡಿದ್ದು ಮುದ್ದಣನ ಬಗ್ಗೆಯೇ. 'ಕನ್ನಡದ ಈ ಕವಿ ಯಾವ ಹುದ್ದೆಯಲ್ಲಿದ್ದ ಗೊತ್ತುಂಟಾ?' ಅಂತ ಕೇಳಿದೆ. ಕನ್ನಡ ಪಂಡಿತರು ಸೇರಿ ಯಾರೂ ಬಾಯಿ ಬಿಡಲಿಲ್ಲ. ಉತ್ತರ ಹೇಳಿ ಇಳಿದು ಬಂದೆ.

ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಬಂದವ ಅವ. ಸುಮ್ಮನೆ ಸೀಟಿ ಊದುವ ಮೇಷ್ಟ್ರಲ್ಲ. ನಾಲ್ಕು ಜನ ಪಂಡಿತರು ಕೂತ ಕಡೆ ಡ್ರಿಲ್ ಮೇಷ್ಟ್ರು ಕಾವ್ಯ ಬರೆದೆ ಅಂದರೆ ಆಗ ಏನಾಗುತ್ತಿತ್ತು ಅಂತ ನನ್ನನ್ನು ಕೇಳಿ. ಹಾಗಾಗಿ ಅಂಜಿಕೆ ಅನ್ನುವುದನ್ನು ಪೂರಾ ಕಿತ್ತುಹಾಕಬೇಡಿ.

ಗದಗ ಗಾಳಿ:
ಎಲ್ಲಾರೂ ಹೆಸರಿನ ಬಗ್ಗೆನ ಬಡದಾಡಾಕತ್ತೀರಿ. ನಂದೊಂದು ಬ್ಯಾರೆ ತಕರಾರು ಐತ್ರಿ. ಆ ಭಾಷಾ ಯಾಕ ಬೇಕಾಗಿತ್ತು? ಸಾವಿರ ವರ್ಷದ ಹಿಂದಿನ ಕನ್ನಡದಾಗ 1890ರ ಮನಷ್ಯಾ ಬರದಾನ. ನಮ್ಮ ಶಿಶುನಾಳ ಶರೀಫಜ್ಜ 1819ರಾಗ ಹುಟ್ಟಿ 1889ರಾಗ ಹೋದ. ಇವನಕಿಂತ ಐವತ್ತು ವರ್ಷ ಹಿರಿಯ. ಅವನೂ ಹಳ್ಳಿಯಾಂವ, ಅವನೂ ಕನ್ನಡ ಸಾಲಿ ಮಾಸ್ತರಕಿ ಮಾಡಿದಾಂವ. ಅವನ ಹಾಡು ಇವತ್ತಿಗೂ ಸಂತಿಯೊಳಗ, ಭಜನಿಯೊಳಗ, ಆಟೋದಾಗ ಕೇಳತಾವ. ಮುದ್ದಣನ ಪುಸ್ತಕ ಓದಾಕ ಪಕ್ಕದಾಗ ನಿಘಂಟು ಇಟ್ಕೊಂಡು ಕುಂದರಬೇಕು. ಯಾರಿಗೆ ಉಪಯೋಗ ಆತ್ರಿ?

ಸಂಪಿಗೆ ಮರ:
ಗದಗದವರು ಹೇಳಿದ್ದರಲ್ಲಿ ಸತ್ಯ ಉಂಟು. ಇನ್ನೂ ಒಂದು ಸೇರಿಸಿ: 1899ರಲ್ಲಿ ಅದೇ ದಕ್ಷಿಣ ಕನ್ನಡದಿಂದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೆಸರು. ವಿಧವಾ ವಿವಾಹದ ಕಥೆ, ಅಂದಿನ ಆಡುಮಾತಿಗೆ ಹತ್ತಿರದ ಕನ್ನಡ. ಅದೇ ಜಿಲ್ಲೆ, ಅದೇ ವರ್ಷಗಳು. ಒಬ್ಬರು ಮುಂದಕ್ಕೆ ನೋಡ್ತಾ ಇದ್ದಾರೆ, ಇನ್ನೊಬ್ಬರು ರಾಮನ ಕುದುರೆ ಹಿಂದೆ ಹೋಗ್ತಾ ಇದ್ದಾರೆ.

ಓಲೆಗರಿ:
ಸ್ವಲ್ಪ ನಿಧಾನ. ಬಟ್ಟೆ ನೋಡಿ ಒಳಗಿನ ಮನುಷ್ಯನ ವಯಸ್ಸು ಹೇಳುತ್ತಿದ್ದೀರಿ. ಭಾಷೆ ಹಳಗನ್ನಡದ್ದು, ಒಪ್ಪಿದೆ. ಅದರೊಳಗೆ ನಡೆಯುವುದೇನು? ಹೊರಗೆ ಮಳೆ. ಗಂಡ ಮನೆಗೆ ಬಂದಿದ್ದಾನೆ. ಹೆಂಡತಿ ಕಥೆ ಹೇಳು ಅನ್ನುತ್ತಾಳೆ. ಯಾವ ಕಥೆ, ಪದ್ಯವೋ ಗದ್ಯವೋ ಅಂತ ಚೌಕಾಸಿ ನಡೆಯುತ್ತದೆ. 'ಪದ್ಯಂ ವಧ್ಯಂ, ಗದ್ಯಂ ಹೃದ್ಯಂ' ಅಂತ ಅವಳೇ ತೀರ್ಪು ಕೊಡುತ್ತಾಳೆ. ಅವನು 'ಸ್ವಸ್ತಿ ಶ್ರೀಮತ್ಸುರಾಸುರೇಂದ್ರ' ಅಂತ ಉದ್ದ ಸಮಾಸ ಎಳೆಯಲು ಶುರು ಮಾಡಿದರೆ ಅರ್ಧದಲ್ಲೇ ತಡೆದು, ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದ ಹಾಗಾಯಿತು ಅಂತ ಗೇಲಿ ಮಾಡುತ್ತಾಳೆ. ಗದ್ಯ ಪದ್ಯ ಬೆರೆತ ಹಳೆಯ ಚಂಪೂ ಕಾವ್ಯದಲ್ಲಿ ಕೇಳುಗ ಹೀಗೆ ಕವಿಯ ಶೈಲಿಗೆ ತಕರಾರು ತೆಗೆಯುವುದನ್ನು ತೋರಿಸಿ ನೋಡೋಣ. ಅಲ್ಲಿ ಕಥೆ ಕೇಳುವ ರಾಜರು, ಜನಮೇಜಯನೋ ಶ್ರೇಣಿಕನೋ, ಕೈಮುಗಿದು ಕೇಳುತ್ತಾರೆ, ಅಷ್ಟೆ. ಇಲ್ಲಿ ಓದುಗಳೇ ಕಾವ್ಯದ ಒಳಗೆ ಬಂದು ಕೂತು, ನನಗೆ ತಿಳಿಯುವ ಹಾಗೆ ಹೇಳು ಅನ್ನುತ್ತಾಳೆ. ಗದಗ ಗಾಳಿಯವರೇ, ನಿಮ್ಮ ತಕರಾರನ್ನು ಮನೋರಮೆ ಪುಸ್ತಕದಲ್ಲೇ ತೆಗೆದಿದ್ದಾಳೆ.

ಹಾಗೆಯೇ, ಹೊಸಗನ್ನಡದ ಗದ್ಯ ಮುದ್ದಣನಿಂದಲೇ ಶುರು ಅಂತಲೂ ಯಾರೂ ಬರೆಯಬೇಡಿ. ಮೂರನೇ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದ ಕೆಂಪುನಾರಾಯಣ 'ಮುದ್ರಾಮಂಜೂಷ' ಬರೆದದ್ದು 1823ರಲ್ಲಿ. ಮಂಗಳೂರಿನಲ್ಲಿ 1843ರಲ್ಲೇ ಕನ್ನಡ ಪತ್ರಿಕೆ ಬಂದಿತ್ತು.

ಗದಗ ಗಾಳಿ:
ಆಕಿ ತಕರಾರು ತಗದ್ಲು ಖರೆ, ಆದ್ರ ಆ ತಕರಾರನ್ನೂ ಹಳಗನ್ನಡದಾಗ ತಗದಾಳಲ್ರೀ 😀

ಮನೋರಮೆಯ ತಂಗಿ:
ಹ್ಹಹ್ಹ, ಇದಕ್ಕೆ ಉತ್ತರ ಇಲ್ಲ.

ಹೊಸಬ:
ಎಲ್ಲರೂ 'ಅವನು', 'ಬರೆದ', 'ಹೋದ' ಅಂತ ಬರೀತಿದ್ದೀರ. ಅಷ್ಟು ದೊಡ್ಡ ಕವಿಗೆ ಸ್ವಲ್ಪ ಮರ್ಯಾದೆ ಕೊಡಬಾರದಾ?

ಪಡುವಲಕಾಯಿ:
ಪಂಪನಿಗೂ ಕುಮಾರವ್ಯಾಸನಿಗೂ ಏಕವಚನವೇ. ಕವಿಗೂ ದೇವರಿಗೂ ತಾಯಿಗೂ ಬಹುವಚನ ಹಾಕಿದರೆ ದೂರ ಆಗ್ತಾರೆ ಮಾರಾಯ್ರೆ.

ಹೊಸಬ:
ಬೇಂದ್ರೆಗೆ, ಕುವೆಂಪುಗೆ 'ಅವರು' ಅಂತೀರಲ್ಲ?

ಪಡುವಲಕಾಯಿ:
ಅವರನ್ನು ನೋಡಿದವರು ಇನ್ನೂ ಇದ್ದಾರೆ, ಅದಕ್ಕೆ.

ಚೆಂಡೆಮದ್ದಳೆ:
ಯಾರೂ ಓದೂದಿಲ್ಲ, ಯಾರಿಗೆ ಉಪಯೋಗ ಅಂತ ಕೇಳಿದರಲ್ಲ, ಅದಕ್ಕೆ ಬಂದೆ. ಮುದ್ದಣ ಅಂದ್ರೆ ರಾಮಾಶ್ವಮೇಧ ಒಂದೇ ಅಂತ ಘಟ್ಟದ ಮೇಲಿನವರು ತಿಳ್ಕೊಂಡಿದ್ದೀರಿ. ಅವ ಯಕ್ಷಗಾನ ಪ್ರಸಂಗ ಬರೆದವ. 'ರತ್ನಾವತಿ ಕಲ್ಯಾಣ', 'ಕುಮಾರ ವಿಜಯ' ಎರಡೂ ಅವನದ್ದೇ. ಓದಲಿಕ್ಕೆ ಬಾರದ ಅಜ್ಜಂದಿರು ರಾತ್ರಿಯಿಡೀ ಕೂತು ಕೇಳಿದ ಸಾಹಿತ್ಯ ಅದು. ನನ್ನ ಅಜ್ಜ ಅಕ್ಷರ ಕಲಿತವರಲ್ಲ, ಕುಮಾರ ವಿಜಯದ ಪದ ಒಂದರ ಮೇಲೊಂದು ಹೇಳ್ತಿದ್ರು. ಬರೆದದ್ದು ಯಾರು ಅಂತ ಕೇಳಿದರೆ ಗೊತ್ತಿಲ್ಲ, 'ಪ್ರಸಂಗದ್ದು' ಅಂತಿದ್ರು.

ಕುಮಾರ ವಿಜಯದ ಪದಗಳನ್ನು ಹಾಡಲಿಕ್ಕೆ ಭಾಗವತರಿಗೆ ತಯಾರಿ ಬೇಕು. ಮಟ್ಟು, ತಾಳ ಗೊತ್ತಿಲ್ಲದವ ಕೈ ಹಾಕಿದರೆ ಮರ್ಯಾದೆ ಹೋಯ್ತು ಅಂತಲೇ. ಸಂಗೀತ ತಿಳಿದವನೇ ಬರೆದದ್ದು ಅಂತ ಒಂದೆರಡು ಪದ ಕೇಳಿದರೆ ಗೊತ್ತಾಗ್ತದೆ. ಸಣ್ಣ ಪ್ರಾಯದಲ್ಲಿ ಆಟ ನೋಡಿ ನೋಡಿ ಕಿವಿ ಪಳಗಿದವ. ರಾಮಾಶ್ವಮೇಧದ ಸಲ್ಲಾಪ ಉಂಟಲ್ಲ, ಅದು ನನಗೆ ಪಕ್ಕಾ ತಾಳಮದ್ದಳೆಯ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತು ಆಡುವ ಯಕ್ಷಗಾನದ, ಮಾತುಗಾರಿಕೆ ಹಾಗೆ ಕೇಳ್ತದೆ. ಒಬ್ಬ ಪೀಠಿಕೆ ಹಾಕುವುದು, ಇನ್ನೊಬ್ಬ ಮಧ್ಯ ಬಾಯಿ ಹಾಕಿ ಕಾಲೆಳೆಯುವುದು. ಪಂಡಿತರು ಇದನ್ನು ಕಾದಂಬರಿಗೆ ಹೋಲಿಸ್ತಾರೆ. ಅವನು ಕಲಿತದ್ದು ಕಾದಂಬರಿಯಿಂದ ಅಲ್ಲ, ಚೌಕಿ ರಂಗಸ್ಥಳದಿಂದ.

ಓಲೆಗರಿ:
ಚೆಂಡೆಮದ್ದಳೆಯವರ ಮಾತಿಗೆ ನನ್ನ ಪೂರ್ತಿ ಸಹಮತ. ವಿಶ್ವವಿದ್ಯಾಲಯದ ಸಾಹಿತ್ಯ ಚರಿತ್ರೆಗಳಲ್ಲಿ ಪ್ರಸಂಗಕರ್ತ ಮುದ್ದಣನಿಗೆ ಅರ್ಧ ಸಾಲು ಸಿಕ್ಕರೆ ಹೆಚ್ಚು.

ಕುಂದಾಪ್ರದ ಹೈದ:
ರತ್ನಾವತಿ ಕಲ್ಯಾಣ ನಮ್ಮ ಬಡಗುತಿಟ್ಟಿನ್ ಯಕ್ಷಗಾನದಲ್ಲೂ ಆತ್ತ್ ಮಾರಾಯಾ. ಭದ್ರಸೇನಂದ್ ಪಾತ್ರ ಹಿಂದಿನ್ ಕಲಾವಿದ್ರ್ ಮಾಡ್ರೆ ಕಾಂಬುಕೇ ಚಂದ. ಈಗಿನ್ ಮೇಳದರಿಗೆ ಅಂಥ ಹಳಿ ಪ್ರಸಂಗ ಬ್ಯಾಡ, ಸಿನೆಮಾ ಕತೆ ಬೇಕ್.

ಚೆಂಡೆಮದ್ದಳೆ:
ಸಿನೆಮಾ ಕಥೆ ಬೇಕಾದದ್ದು ಮೇಳದವರಿಗಲ್ಲ, ಟಿಕೆಟ್ ತೆಗೆಯುವವರಿಗೆ.

ಕುಂದಾಪ್ರದ ಹೈದ:
ಟಿಕೆಟ್ ತೆಗಿಯೋರ್ ಯಾರ್ ಈಗ? ಎಲ್ಲಾ ಹರಕೆ ಆಟ್ವೇ ಅಲ್ದಾ!

ಬೆಳ್ಮಣ್ ಮಾಣಿ:
ಆಟದ ಸುದ್ದಿ ಬಂತು, ಹಾಗಾದ್ರೆ ನಮ್ಮ ಸಿರಿ ಜಾತ್ರೆಯ ಸುದ್ದಿಯೂ ಬರಲಿ. ನಂದಳಿಕೆ ಅಂದ್ರೆ ಹೊರಗಿನವರಿಗೆ ಮುದ್ದಣ, ಊರಿನವರಿಗೆ ಸಿರಿ. ಮಹಾಲಿಂಗೇಶ್ವರ ದೇವಸ್ಥಾನದಲ್ಲಿ ಹುಣ್ಣಿಮೆಗೆ ಆಗುವ ಜಾತ್ರೆ. ಸಿರಿ ಅಂದ್ರೆ ತುಳುನಾಡಿನ ದೈವ, ರಾತ್ರಿಯಿಡೀ ಹೆಂಗಸರು ಅವಳ ಪಾಡ್ದನ, ಅಂದ್ರೆ ಕಥೆಹಾಡು, ಹೇಳ್ತಾ ಆವೇಶ ಬರುವುದು ನೋಡಿದವರಿಗೇ ಗೊತ್ತು. ಅಂಥ ಊರಲ್ಲಿ ಹುಟ್ಟಿದವನಿಗೆ ಕಥೆ ಹೇಳುವುದು ಕಲಿಸಬೇಕಾ?

ದೋಹಾ ಕನ್ನಡಿಗ:
ಸಿರಿ ಜಾತ್ರೆ ಯಾವ ತಿಂಗಳು? ರಜೆಗೆ ಬಂದಾಗ ನೋಡಬೇಕು.

ಬೆಳ್ಮಣ್ ಮಾಣಿ:
ಸುಗ್ಗಿ ಹುಣ್ಣಿಮೆಗೆ. ಮಾರ್ಚ್ ಏಪ್ರಿಲ್ ಅಂತ ಇಟ್ಟುಕೊಳ್ಳಿ, ಪಂಚಾಂಗ ನೋಡಿ ಟಿಕೆಟ್ ಮಾಡಿ.

ಪಡುವಲಕಾಯಿ:
ಸಿರಿ ಸಂಧಿಯನ್ನು ಫಿನ್ಲೆಂಡಿನ ಲೌರಿ ಹಾಂಕೊ ದಾಖಲು ಮಾಡಿದ್ದು ಗೊತ್ತುಂಟಲ್ಲ? ಮಾಚಾರು ಗೋಪಾಲ ನಾಯ್ಕರು ಹಾಡಿದ್ದು 15,683 ಸಾಲು. 1998ರಲ್ಲಿ ಪುಸ್ತಕವಾಗಿ ಬಂತು. ಒಬ್ಬ ಮನುಷ್ಯನ ನಾಲಿಗೆಯ ಮೇಲೆ ಅಷ್ಟು ದೊಡ್ಡ ಕಾವ್ಯ!

ನಿರ್ವಾಹಕ:
ಸಿರಿಗೆ ಬೇರೆ ಎಳೆ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಮುದ್ದಣ.

ದೋಹಾ ಕನ್ನಡಿಗ:
ಸರಿ, ಮುದ್ದಣನಿಗೇ ಬರ್ತೇನೆ. ಹೈಸ್ಕೂಲಿನಲ್ಲಿ ಮುದ್ದಣ ಮನೋರಮೆ ಸಲ್ಲಾಪವನ್ನು ನಾಟಕ ಮಾಡಿಸಿದ್ದರು. ಗಂಡು ಮಕ್ಕಳ ಶಾಲೆ, ಹಾಗಾಗಿ ಮನೋರಮೆ ಪಾತ್ರಕ್ಕೆ ನಮ್ಮ ಕ್ಲಾಸಿನ ಕಬಡ್ಡಿ ಕ್ಯಾಪ್ಟನ್. ಮೀಸೆ ಮೂಡಿದ್ದ, ಪೌಡರ್ ಹಾಕಿ ಮುಚ್ಚಿದೆವು. ಗಂಡನಾದ ನಾನು ಮಾತು ಮರೆತು ನಿಂತಾಗ ಅವನು ತನ್ನ ಸೊಗಸಾದ ಹಳಗನ್ನಡ ಬಿಟ್ಟು 'ಎಂತ ಮಾರಾಯ, ಮಾತಾಡು' ಅಂದ. ಸಭೆ ಎಲ್ಲ ಬಿದ್ದು ಬಿದ್ದು ನಕ್ಕಿತು. ನಮ್ಮ ಪಂಡಿತರು ಮಾತ್ರ 'ಮುದ್ದಣ ಇದ್ದಿದ್ದರೆ ಅವನೂ ಇದನ್ನು ಸೇರಿಸಿಕೊಳ್ಳುತ್ತಿದ್ದ' ಅಂದರು.

ಸಂಪಿಗೆ ಮರ:
ಪಂಡಿತರು ಸಿಕ್ಕಿದರೆ ಅಂಥವರು ಸಿಗಬೇಕು.

ಹೊಸಬ:
ಒಂದು ಸಣ್ಣ ಪ್ರಶ್ನೆ. ಮನೋರಮೆ ಅಂದ್ರೆ ಅವರ ನಿಜವಾದ ಹೆಂಡತಿನಾ?

ನಿವೃತ್ತ ಪಿಟಿ ಮೇಷ್ಟ್ರು:
ಹೆಂಡತಿಯ ಹೆಸರು ಕಮಲಾಬಾಯಿ. ಮನೋರಮೆ ಕಾವ್ಯದವಳು.

ಹೊಸಬ:
ಅಂದ್ರೆ ಕಮಲಾಬಾಯಿ ಅವರೇ ಮನೋರಮೆ ಆಗಿರಬಹುದು ಅಲ್ವಾ?

ಕಟುವಿಮರ್ಶಕ:
ಕವಿತೆಯಲ್ಲಿ ಬರೋ ಹೆಂಗಸರನ್ನೆಲ್ಲ ಕವಿಯ ಮನೇಲಿ ಹುಡುಕೋ ಚಾಳಿ ನಮಗೆ ಯಾವಾಗ ಬಿಡುತ್ತೋ. ಮನೋರಮೆ ಒಂದು ತಂತ್ರ. ಅವನಿಗೆ ಹೇಳಬೇಕಾದ ವಿಮರ್ಶೇನ ಅವಳ ಬಾಯಲ್ಲಿ ಇಟ್ಟ.

ಮನೋರಮೆಯ ತಂಗಿ:
ತಂತ್ರ ಅಂತ ಒಂದೇ ಮಾತಲ್ಲಿ ಮುಗಿಸಿದಿರಿ. ತಂತ್ರವಾಗಿದ್ದರೆ ಅವಳು ಮೊದಲ ಅಧ್ಯಾಯದಲ್ಲಿ ಬಂದು, ಪ್ರಶ್ನೆ ಕೇಳಿ ಹೋಗಬೇಕಿತ್ತು. ಅವಳು ಹೋಗುವುದೇ ಇಲ್ಲ. ಕಥೆಯ ನಡು ನಡುವೆ ಬರುತ್ತಾಳೆ, ರೇಗಿಸುತ್ತಾಳೆ, ಕಣ್ಣೀರು ಹಾಕುತ್ತಾಳೆ. ಸೀತೆಯನ್ನು ಕಾಡಿಗೆ ಕಳಿಸಿದ ಕಥೆಯನ್ನು ಒಬ್ಬ ಗಂಡಸು ತನ್ನ ಹೆಂಡತಿಯ ಮುಂದೆ ಕೂತು ಹೇಳಬೇಕು, ಅವಳ ಮುಖ ನೋಡಿಕೊಂಡು ಹೇಳಬೇಕು. ಇದು ಸುಲಭದ ಮಾತಾ? ಸಭೆಯಲ್ಲಿ ರಾಜನ ಮುಂದೆ ಹೇಳುವುದಕ್ಕೂ ಅಡುಗೆಮನೆಯ ಪಕ್ಕದಲ್ಲಿ ಹೆಂಡತಿಗೆ ಹೇಳುವುದಕ್ಕೂ ರಾಮಾಯಣವೇ ಬದಲಾಗುತ್ತದೆ.

ಅದ್ಭುತ ರಾಮಾಯಣದಲ್ಲಿ ಆರಿಸಿಕೊಂಡ ಕಥೆಯನ್ನೂ ನೋಡಿ. ಹತ್ತು ತಲೆಯವನನ್ನು ಕೊಂದು ಬಂದ ರಾಮ ಸಾವಿರ ತಲೆಯ ರಾವಣನ ಎದುರು ಸೋಲುತ್ತಾನೆ. ಆ ರಾವಣನನ್ನು ಕೊಲ್ಲುವವಳು ಸೀತೆ. ರಾಮಾಯಣದಲ್ಲಿ ಬರೆಯಲು ಎಷ್ಟೋ ಕಥೆ ಇದ್ದವು, ಇವನ ಕಣ್ಣು ಬಿದ್ದದ್ದು ಇದರ ಮೇಲೆ.

ಕಟುವಿಮರ್ಶಕ:
ಕಥೆ ಸಂಸ್ಕೃತದ್ದು, ಅವನು ಹುಟ್ಟಿಸಿದ್ದಲ್ಲ. ಸ್ತ್ರೀವಾದಿ ಅಂತ ಪಟ್ಟ ಕಟ್ಟಬೇಡಿ. ಅದೇ ಮನೋರಮೆಯನ್ನ ಎಷ್ಟು ಕಡೆ ಮುದ್ದು ಹೆಂಡತಿ ಚೌಕಟ್ಟಲ್ಲೇ ಕೂರಿಸಿದ್ದಾನೆ ಅಂತಾನೂ ಓದಿ. ಗಂಡ ಜ್ಞಾನಿ, ಹೆಂಡತಿ ಕೇಳುಗಳು. ಆ ಏರ್ಪಾಡು ಬದಲಾಗಿಲ್ಲ.

ಮನೋರಮೆಯ ತಂಗಿ:
ಪಟ್ಟ ನಾನು ಕಟ್ಟಲಿಲ್ಲ, ನೀವೇ ತಂದಿರಿ. ಏರ್ಪಾಡು ಬದಲಾಗಿಲ್ಲ, ನಿಜ. ಆದರೆ ಆ ಏರ್ಪಾಡಿನೊಳಗೆ ಕೊನೆಯ ಮಾತು ಯಾರದ್ದು ಅಂತ ನೋಡಿ. ಯಾವ ಕಥೆ, ಎಂಥ ಕನ್ನಡ, ಗದ್ಯವೋ ಪದ್ಯವೋ ಎಲ್ಲವನ್ನೂ ಅವಳು ತೀರ್ಮಾನಿಸಿದ್ದು. ಮೈಸೂರಿನ ಸಂಪಾದಕರಿಗಿಂತ ಮೊದಲು ಆ ಪುಸ್ತಕಕ್ಕೆ ಒಬ್ಬಳು ಸಂಪಾದಕಿ ಇದ್ದಳು.

ಕಟುವಿಮರ್ಶಕ:
ಈ ಸಾಲು ಚೆನ್ನಾಗಿದೆ, ಒಪ್ಪಲ್ಲ ಆದ್ರೂ.

ಔಷಧಿ ಡಬ್ಬಿ:
ನಾನು ಸಾಹಿತ್ಯದವಳಲ್ಲ, ಡಾಕ್ಟರ್. 31ನೇ ವಯಸ್ಸಿಗೆ ಕ್ಷಯ ಅಂತ ಓದಿದಾಗ ಹೊಟ್ಟೆ ಚುರ್ ಅನ್ನುತ್ತೆ. ಕ್ಷಯದ ರೋಗಾಣುವನ್ನು ಕೋಖ್ ಕಂಡುಹಿಡಿದದ್ದು 1882ರಲ್ಲಿ. ಅಂದರೆ ಇವರು ಕಾಯಿಲೆ ಬಿದ್ದಾಗ ಯಾಕೆ ಬರುತ್ತೆ ಅಂತ ಗೊತ್ತಿತ್ತು, ಕೊಡೋಕೆ ಔಷಧಿ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಸಣ್ಣ ಸಂಬಳದ ಮೇಷ್ಟ್ರಿಗೆ ಮೂರೂ ಕಷ್ಟ. ಅದರ ಮೇಲೆ ದಿನಾ ಮೈ ದಂಡಿಸೋ ಕೆಲಸ, ರಾತ್ರಿ ದೀಪದ ಬುಡದಲ್ಲಿ ಬರವಣಿಗೆ. ವ್ಯಾಯಾಮದ ಮೇಷ್ಟ್ರಿಗೇ ಕ್ಷಯ ಬಂತಲ್ಲ ಅಂತ ಜನ ಆಶ್ಚರ್ಯ ಪಡ್ತಾರೆ, ಆ ಕಾಯಿಲೆಗೆ ಗಟ್ಟಿಮುಟ್ಟಾದವರು ಅನ್ನೋ ಲೆಕ್ಕ ಇಲ್ಲ.

ಹಳೆಹೊತ್ತಿಗೆ:
'ಗೋದಾವರಿ' ಅಂತ ಒಂದು ಕಾದಂಬರಿಯನ್ನೂ ಬರೆಯಲು ತೊಡಗಿದ್ದ, ಮುಗಿಯಲಿಲ್ಲ. ಸಂಪಿಗೆ ಮರದವರು ಇಂದಿರಾಬಾಯಿ ಎತ್ತಿದರಲ್ಲ, ಅದಕ್ಕೆ ಇದು ನೆನಪಾಯಿತು. ಇನ್ನು ಹತ್ತು ವರ್ಷ ಬದುಕಿದ್ದರೆ ಅವನೂ ಅದೇ ದಾರಿಗೆ ಬರುತ್ತಿದ್ದನೋ ಏನೋ.

ಸಂಪಿಗೆ ಮರ:
ಹತ್ತು ವರ್ಷ ಅಂದರೆ 1911. ಅದೇ ವರ್ಷ ಮಂಜೇಶ್ವರದ ಗೋವಿಂದ ಪೈಗಳು ಪ್ರಾಸ ಬಿಟ್ಟು ಬರೆಯಲು ಹೊರಟದ್ದು. ಪಂಜೆ ಮಂಗೇಶರಾಯರು ಇವನಿಗಿಂತ ನಾಲ್ಕೇ ವರ್ಷ ಚಿಕ್ಕವರು, 1937ರವರೆಗೂ ಇದ್ದರು. ಅವರ ನಡುವೆ ಇವನನ್ನೂ ಕೂರಿಸಿಕೊಂಡು ನೋಡಿದರೆ, ಕರಾವಳಿಯಲ್ಲಿ ಎಂಥ ಕಾಲ ಆಗುತ್ತಿತ್ತು! ಹೊಸಗನ್ನಡದ ಮುಂಗೋಳಿ ಅಂತ ಅವನನ್ನು ಕರೆಯುತ್ತಾರೆ, ಸರಿಯೇ. ಆದರೆ ಕೋಳಿ ಕೂಗಿ ಬೆಳಗು ನೋಡದೆ ಹೋಯಿತು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಗದಗ ಗಾಳಿ:
ಇಷ್ಟೆಲ್ಲಾ ಕೇಳಿದ ಮ್ಯಾಲೆ ಓದಬೇಕು ಅನಸಾಕತ್ತೇತಿ. ಆದ್ರ ಎಲ್ಲಿಂದ ಸುರು ಮಾಡೂದು ಹೇಳ್ರಿ. ನಿಘಂಟು ಇಲ್ದ ಆಗತೈತೇನು?

ಓಲೆಗರಿ:
ರಾಮಾಶ್ವಮೇಧದ ಮೊದಲ ಸಲ್ಲಾಪದಿಂದ ಶುರು ಮಾಡಿ. ಒಂದೇ ಷರತ್ತು, ಗಟ್ಟಿಯಾಗಿ ಓದಿ. ಕಣ್ಣಲ್ಲಿ ಓದಿದರೆ ಕಷ್ಟ, ಬಾಯಲ್ಲಿ ಓದಿದರೆ ಅರ್ಧ ಅರ್ಥ ತಾನಾಗಿ ಬರುತ್ತದೆ. 'ಗಡ', 'ವಲಂ' ಅಂತ ಬಂದ ಕಡೆ ತಡೆಯಬೇಡಿ, ಮುಂದೆ ಹೋಗಿ. ಅರ್ಥಕೋಶ ಇರುವ ಆವೃತ್ತಿ ತೆಗೆದುಕೊಳ್ಳಿ. ಶ್ರೀರಾಮ ಪಟ್ಟಾಭಿಷೇಕ ವಾರ್ಧಕ ಷಟ್ಪದಿಯಲ್ಲಿದೆ, ಅದನ್ನು ಗಮಕಿಗಳ ಬಾಯಲ್ಲಿ ಕೇಳಿ. ಅದ್ಭುತ ರಾಮಾಯಣ ಕೊನೆಗೆ ಓದಿದರೂ ಆದೀತು. ನನ್ನ ಮಟ್ಟಿಗೆ ಮೂರರಲ್ಲಿ ಕೈ ಇನ್ನೂ ಪಳಗದ್ದು ಅದು.

ಮನೋರಮೆಯ ತಂಗಿ:
ಕೈ ಪಳಗದ್ದು ಅನ್ನುವುದಕ್ಕೆ ನನ್ನ ಆಕ್ಷೇಪ ಇದೆ, ಅದರ ಜಗಳ ಇನ್ನೊಂದು ದಿನ.

ಬೆಳ್ಮಣ್ ಮಾಣಿ:
ಕಾಂತಾವರದ ಕನ್ನಡ ಸಂಘದವರು ಮುದ್ದಣನ ಹೆಸರಿನಲ್ಲಿ ಕಾವ್ಯ ಪ್ರಶಸ್ತಿ ಕೊಡ್ತಾರೆ. ಅಚ್ಚಾಗದ ಕವನಗಳ ಹಸ್ತಪ್ರತಿಗೆ ಕೊಡುವುದು. ಕಾಂತಾವರ ಕೂಡ ಸಣ್ಣ ಹಳ್ಳಿ, ಕಾರ್ಕಳದ ಕಡೆಯದ್ದೇ. ಇಲ್ಲಿ ಕವನ ಬರೆಯುವವರು ಇದ್ದರೆ ಕಳಿಸಿ.

ಕಟುವಿಮರ್ಶಕ:
ಹಸ್ತಪ್ರತಿಗೆ ಮುದ್ದಣನ ಹೆಸರಿನ ಪ್ರಶಸ್ತಿ! ಕವಿಯ ಹೆಸರು ಬರೆದು ಕಳಿಸಬೇಕೋ, ಹಳೇ ಪ್ರತಿ ಸಿಕ್ತು ಅಂತ ಕಳಿಸಬಹುದೋ?

ಬೆಳ್ಮಣ್ ಮಾಣಿ:
ನಿಮಗೆ ಬೇರೆ ಕೆಲಸ ಇಲ್ಲ ಮಾರಾಯ್ರೆ 😂

ಚೆಂಡೆಮದ್ದಳೆ:
ನನ್ನದೊಂದು ಸಲಹೆ. ಮೊದಲ ಸಲ್ಲಾಪವನ್ನು ಆನ್‌ಲೈನ್‌ನಲ್ಲಿ ಎಲ್ಲರೂ ಸೇರಿ ಗಟ್ಟಿಯಾಗಿ ಓದುವ. ಮುದ್ದಣನ ಮಾತು ಒಬ್ಬರು, ಮನೋರಮೆಯದ್ದು ಒಬ್ಬರು. ತಾಳಮದ್ದಳೆಯ ಹಾಗೆ ಮಧ್ಯ ನಿಲ್ಲಿಸಿ ಪ್ರಶ್ನೆ ಕೇಳಲಿಕ್ಕೂ ಅವಕಾಶ. ಗದಗ ಗಾಳಿಯವರು ಮನೋರಮೆ ಪಾರ್ಟು ಓದಲಿ, ತಕರಾರು ತೆಗೆಯುವ ಕೆಲಸ ಅವರಿಗೆ ಹೊಂದುತ್ತದೆ.

ಗದಗ ಗಾಳಿ:
ನಾ ತಯಾರದೀನ್ರಿ. ಆದ್ರ ನಮ್ಮ ಬಾಯಾಗ ಹಳಗನ್ನಡಾನೂ ಗದಗದ್ದ ಆಗತೈತಿ, ನಗಬಾರದು.

ಹಳೆಹೊತ್ತಿಗೆ:
ನಗುತ್ತೇವೆ, ಖಂಡಿತ. ಭಾನುವಾರ ಸಂಜೆ ಆರಕ್ಕೆ ಇಡೋಣವೇ?

ಚೆಂಡೆಮದ್ದಳೆ:
ಭಾನುವಾರ ಬೇಡ, ನನಗೆ ತಾಳಮದ್ದಳೆ ಕೂಟ ಉಂಟು. ಶನಿವಾರ ಆದರೆ ಬರ್ತೇನೆ.

ದೋಹಾ ಕನ್ನಡಿಗ:
ಶನಿವಾರ ನಮಗೆ ರಜೆ, ನನಗೆ ಸರಿ. ನಿಮ್ಮ ಆರು ಗಂಟೆ ಅಂದ್ರೆ ನಮ್ಮ ಮೂರೂವರೆ. ಈ ಸಲ ನಾನು ಪುಸ್ತಕ ನೋಡಿಕೊಂಡೇ ಓದುವುದು.